ಬಸಿರಿನಲ್ಲಿ ಮನಸ್ಸಿನ ಏರಿಳಿತ: ಯಾವ ದಾರಿ ಯಾರಿಗೆ ಒಗ್ಗುತ್ತದೆ?

ಐದು ತಿಂಗಳ ಬಸುರಿ ಗೆಳತಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಬೆಳಿಗ್ಗೆ ಏಳುವಾಗ ಚೆನ್ನಾಗೇ ಇರ್ತೀನಿ ಕಣೇ. ಹತ್ತು ಗಂಟೆ ಹೊತ್ತಿಗೆ ಯಾಕೆ ಅಂತಾನೇ ಗೊತ್ತಿಲ್ಲದೆ ಅಳು ಬರುತ್ತೆ. ಸಂಜೆ ಗಂಡನ ಮೇಲೆ ರೇಗ್ತೀನಿ. ರೇಗಿದ್ದಕ್ಕೆ ರಾತ್ರಿ ಮತ್ತೆ ಅಳ್ತೀನಿ" ಎಂದಳು. ಸಲಹೆಗಳಿಗೇನೂ ಬರವಿರಲಿಲ್ಲ ಅವಳಿಗೆ. ಯೋಗ ಕ್ಲಾಸಿಗೆ ಸೇರು ಎಂದು ಒಬ್ಬರು, ಕೌನ್ಸೆಲರ್ ಹತ್ತಿರ ಹೋಗು ಎಂದು ಇನ್ನೊಬ್ಬರು, ಮಾತ್ರೆ ಗೀತ್ರೆ ಮುಟ್ಟಲೇಬೇಡ ಎಂದು ಮತ್ತೊಬ್ಬರು. ಉಳಿದವರೆಲ್ಲ ಹೇಳಿದ್ದು ಒಂದೇ: ಇದು ಮಾಮೂಲು, ಹೆರಿಗೆಯಾದ ಮೇಲೆ ತಾನೇ ಸರಿಹೋಗುತ್ತದೆ. "ಇದರಲ್ಲಿ ಯಾವುದನ್ನ ಮಾಡ್ಲಿ?" ಎನ್ನುವುದು ಅವಳ ಪ್ರಶ್ನೆ.

ನಾನು ವೈದ್ಯೆಯಲ್ಲ. ಎರಡು ಬಸಿರು ಕಂಡವಳು. ಮೊದಲ ಸಲ ಎರಡು ತಿಂಗಳು ಯಾರಿಗೂ ಹೇಳದೆ ಎಲ್ಲವನ್ನೂ ನುಂಗಿಕೊಂಡೆ. ಎರಡನೆಯ ಸಲ ಮೊದಲ ವಾರದಲ್ಲೇ ಬಾಯಿಬಿಟ್ಟೆ. ಆ ಎರಡರ ನಡುವೆ ನಾನು ಕಂಡ ಅಂತರ, ಆಮೇಲೆ ಓದಿ ಕೇಳಿ ತಿಳಿದದ್ದು, ಎರಡನ್ನೂ ಸೇರಿಸಿ ಅವಳಿಗೂ ಅವಳಂತೆ ತೂಗಾಡುತ್ತಿರುವ ನಿಮಗೂ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬಸಿರಿನಲ್ಲಿ ಮನಸ್ಸು ಏರಿಳಿಯುವುದು ನಿಮ್ಮ ಸ್ವಭಾವದ ದೋಷದಿಂದಲ್ಲ. ಬಸಿರು ನಿಂತ ಕೆಲವೇ ವಾರಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಭರದಿಂದ ಏರುತ್ತವೆ, ಇವೆರಡೂ ಮಿದುಳಿನ ಮೇಲೆ ನೇರವಾಗಿ ಕೆಲಸ ಮಾಡುತ್ತವೆ. ಪ್ರೆಗ್ನೆನ್ಸಿ ಟೆಸ್ಟಿನಲ್ಲಿ ಗೆರೆ ಮೂಡಿಸುವ ಎಚ್‌ಸಿಜಿ ಹಾರ್ಮೋನು 8ರಿಂದ 11ನೇ ವಾರದ ನಡುವೆ ತುತ್ತತುದಿ ಮುಟ್ಟುತ್ತದೆ. ಹೆಚ್ಚಿನವರಿಗೆ ವಾಕರಿಕೆ ಜೋರಾಗಿರುವುದೂ ಅದೇ ಹೊತ್ತಿಗೆ. ಹೊಟ್ಟೆಗೆ ಸರಿಯಾಗಿ ಏನೂ ಸೇರದೆ, ನಿದ್ದೆಯೂ ಕೆಟ್ಟಾಗ ಯಾರ ಮನಸ್ಸು ನೆಟ್ಟಗಿದ್ದೀತು? ನಡುವಿನ ಮೂರು ತಿಂಗಳು ಬಹಳ ಜನಕ್ಕೆ ತುಸು ಹಗುರ. ಕೊನೆಯ ಮೂರು ತಿಂಗಳಲ್ಲಿ ಹೊಟ್ಟೆಯ ಭಾರ, ಪದೇ ಪದೇ ಏಳಬೇಕಾದ ರಾತ್ರಿಗಳು, ಹೆರಿಗೆಯ ಹೆದರಿಕೆ ಎಲ್ಲ ಸೇರಿ ಮತ್ತೆ ಏರಿಳಿತ ಶುರುವಾಗುತ್ತದೆ.

ಆದರೆ ಎಲ್ಲವೂ ಏರಿಳಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 10 ಜನ ಮಾನಸಿಕ ಕಾಯಿಲೆಯಿಂದ, ಮುಖ್ಯವಾಗಿ ಖಿನ್ನತೆಯಿಂದ ಬಳಲುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇದು 15ನ್ನೂ ದಾಟುತ್ತದೆ. ನೀವು ಯಾವ ಗುಂಪಿನಲ್ಲಿದ್ದೀರಿ ಎಂದು ತಿಳಿಯದೆ ದಾರಿ ಆರಿಸಲು ಹೊರಟರೆ ಜ್ವರ ನೋಡದೆ ಔಷಧಿ ಕೊಂಡಂತೆ.

ಅಳತೆಗೋಲುಗಳು

ಯಾವುದೇ ದಾರಿಯನ್ನು ನಾನು ಐದು ಪ್ರಶ್ನೆಗಳ ಮುಂದಿಟ್ಟು ನೋಡುತ್ತೇನೆ.

ಒಂದು, ಇದು ಎಷ್ಟು ದಿನದಿಂದ, ಎಷ್ಟು ಆಳಕ್ಕೆ ಇದೆ? ಬಂದುಹೋಗುವ ಅಳು, ಸಿಟ್ಟು, ಒಳ್ಳೆಯ ಸುದ್ದಿ ಕೇಳಿದರೆ ಮತ್ತೆ ಅರಳುವ ಮನಸ್ಸು ಇವು ಏರಿಳಿತದ ಲಕ್ಷಣಗಳು. ಎರಡು ವಾರ ಬಿಡದೆ, ಹೆಚ್ಚುಕಡಿಮೆ ಇಡೀ ದಿನ ಮಂಕು ಕವಿದಿದ್ದರೆ, ಮುಂಚೆ ಖುಷಿ ಕೊಡುತ್ತಿದ್ದ ಯಾವುದೂ ಬೇಡವಾಗಿದ್ದರೆ, ಅದನ್ನು ಏರಿಳಿತ ಎಂದು ಕರೆಯಬೇಡಿ. ಬರೀ ಇಳಿತವಿದ್ದರೆ ಅದು ಬೇರೆಯೇ ವಿಷಯ.

ಎರಡು, ಹೊಟ್ಟೆಯಲ್ಲಿರುವ ಕೂಸಿಗೂ ನಿಮ್ಮ ಈಗಿನ ಆರೋಗ್ಯಕ್ಕೂ ಇದು ಹೊಂದುತ್ತದೆಯೇ? ಮೂರು, ಎಷ್ಟು ಬೇಗ ಗುಣ ಕಾಣುತ್ತದೆ? ನಾಲ್ಕು, ಏನು ಖರ್ಚು? ಇಲ್ಲಿ ದುಡ್ಡಿನ ಜೊತೆ ಹೊತ್ತನ್ನೂ ಎಣಿಸಿ, ಓಡಾಟವನ್ನೂ ಎಣಿಸಿ, ಇನ್ನೊಬ್ಬರ ಮುಂದೆ ಕೇಳಿಕೊಳ್ಳಬೇಕಾದ ಮುಜುಗರವನ್ನೂ ಎಣಿಸಿ.

ಐದನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹಾಸಿಗೆಯಿಂದ ಏಳಲಾಗದ ದಿನವೂ ನಿಮ್ಮಿಂದ ಇದು ಆದೀತೇ? ಮನಸ್ಸು ಚೆನ್ನಾಗಿರುವ ದಿನ ಕೂತು ಹಾಕಿದ ಯೋಜನೆಗಳು ಕೆಟ್ಟ ದಿನ ಕೈಕೊಡುತ್ತವೆ. ಆಗ ಯೋಜನೆ ಮುರಿದದ್ದಕ್ಕೂ ನಮ್ಮನ್ನೇ ಬೈದುಕೊಳ್ಳುತ್ತೇವೆ. ನಿಮ್ಮ ಕೆಟ್ಟ ದಿನಕ್ಕೆ ಹೊಂದುವ ದಾರಿಯನ್ನು ಮೊದಲು ಆರಿಸಿ.

ಮೊದಲ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಒಂದು ಸಲಕರಣೆಯಿದೆ: ಎಡಿನ್‌ಬರೋ ಪೋಸ್ಟ್‌ನೇಟಲ್ ಡಿಪ್ರೆಶನ್ ಸ್ಕೇಲ್. 1987ರಲ್ಲಿ ಬಾಣಂತಿಯರಿಗಾಗಿ ಮಾಡಿದ್ದು, ಈಗ ಬಸುರಿಯರಿಗೂ ಬಳಕೆಯಲ್ಲಿದೆ. ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದಿರಿ ಎಂಬುದರ ಮೇಲೆ, ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ಖಿನ್ನತೆ ಇರುವ ಸಂಭವ ಹೆಚ್ಚು. 10 ದಾಟಿದರೇ ಒಮ್ಮೆ ಮಾತಾಡಿ ನೋಡಬೇಕು ಎನ್ನುವ ವೈದ್ಯರೂ ಇದ್ದಾರೆ. ಇದು ಕಾಯಿಲೆಯನ್ನು ನಿರ್ಧರಿಸುವುದಿಲ್ಲ, ಯಾರ ಬಳಿ ಹೋಗಬೇಕು ಎಂದು ಬೆರಳು ತೋರುತ್ತದೆ ಅಷ್ಟೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ನಿಮ್ಮ ಉತ್ತರ 'ಇಲ್ಲವೇ ಇಲ್ಲ' ಎಂದಾಗಿರದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಇವತ್ತೇ ವೈದ್ಯರಿಗೆ ತಿಳಿಸಿ.

ಎಲ್ಲಕ್ಕೂ ಮೊದಲು ರಕ್ತಪರೀಕ್ಷೆ

ಯೋಗವೋ ಮಾತ್ರೆಯೋ ಎಂದು ಯೋಚಿಸುವ ಮುಂಚೆ ಮಾಡಬೇಕಾದ ಸಣ್ಣ ಕೆಲಸವೊಂದಿದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಎಷ್ಟಿದೆ ಎಂದು ನಿಮ್ಮ ಹೆರಿಗೆ ವೈದ್ಯರನ್ನು ಕೇಳಿ. ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ, ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸುಸ್ತು, ಸಿಡುಕು, ಯಾವುದರಲ್ಲೂ ಗಮನ ನಿಲ್ಲದಿರುವುದು ರಕ್ತಹೀನತೆಯಿಂದಲೂ ಬರುತ್ತದೆ. ಥೈರಾಯ್ಡ್ ನಿಧಾನವಾದರೆ ಮಂಕು, ನಿದ್ದೆಗಣ್ಣು, ಅಳು; ಜೋರಾದರೆ ಎದೆಬಡಿತ, ಚಡಪಡಿಕೆ. ಬಿ12 ಕೊರತೆಯೂ ಹೀಗೆಯೇ ಮನಸ್ಸನ್ನು ಕುಗ್ಗಿಸುತ್ತದೆ. ಬಸುರಿಯರಿಗೆ ರಕ್ತಪರೀಕ್ಷೆ ಹೇಗೂ ಆಗಿರುತ್ತದೆ, ಆ ಚೀಟಿಯನ್ನು ಮನಸ್ಸಿನ ಕಣ್ಣಿನಿಂದ ಇನ್ನೊಮ್ಮೆ ನೋಡಿ ಎಂದು ಕೇಳಿದರೆ ಸಾಕು. ಕಬ್ಬಿಣದ ಮಾತ್ರೆಯಿಂದ ಸರಿಹೋಗುವುದನ್ನು ಧ್ಯಾನದಿಂದ ಸರಿಮಾಡಲು ಹೋಗಿ ತಿಂಗಳುಗಟ್ಟಲೆ ಸೋತವರನ್ನು ನಾನು ಬಲ್ಲೆ.

ಸುಮ್ಮನೆ ಸಹಿಸಿಕೊಳ್ಳುವುದು

ಇದನ್ನು ಯಾರೂ ಒಂದು ದಾರಿ ಎಂದು ಎಣಿಸುವುದಿಲ್ಲ, ಆದರೆ ಅತಿ ಹೆಚ್ಚು ಜನ ಹಿಡಿಯುವ ದಾರಿ ಇದೇ. ಮಿಕ್ಕವುಗಳಂತೆ ಇದನ್ನೂ ತೂಗಲೇಬೇಕು.

ಇದರ ಪರವಾಗಿ ಹೇಳಬಹುದಾದ್ದು ಇಲ್ಲದಿಲ್ಲ. ದುಡ್ಡಿಲ್ಲ, ಓಡಾಟವಿಲ್ಲ. ಏರಿಳಿತ ಸಣ್ಣದಿದ್ದರೆ, ವಾಕರಿಕೆ ಇಳಿದ ಹಾಗೆ ಅದೂ ಇಳಿಯುವ ಸಂಭವ ಚೆನ್ನಾಗಿಯೇ ಇದೆ. 9ನೇ ವಾರದಲ್ಲಿ ನಾಲ್ಕು ದಿನ ಅತ್ತವರು 14ನೇ ವಾರದವರೆಗೆ ಕಾದು ನೋಡಿದರೆ ತಪ್ಪಿಲ್ಲ.

ಆದರೆ ಇದರ ಬೆಲೆ ಆಮೇಲೆ ಗೊತ್ತಾಗುತ್ತದೆ. ಚಿಕಿತ್ಸೆ ಸಿಗದ ಖಿನ್ನತೆ ಇರುವವರಲ್ಲಿ ದಿನ ತುಂಬುವ ಮುಂಚೆ ಹೆರಿಗೆಯಾಗುವುದು, ಕೂಸಿನ ತೂಕ ಕಡಿಮೆಯಿರುವುದು ಹೆಚ್ಚಾಗಿ ಕಂಡುಬಂದಿದೆ. ಬಸಿರಿನಲ್ಲಿ ಶುರುವಾದ ಖಿನ್ನತೆ ಹೆರಿಗೆಯಾದ ಕೂಡಲೇ ಹೋಗಿಬಿಡುವುದೂ ಇಲ್ಲ. ಬಾಣಂತನದ ಖಿನ್ನತೆಗೆ ಅತಿ ದೊಡ್ಡ ಮುನ್ಸೂಚನೆಗಳಲ್ಲಿ ಅದೂ ಒಂದು. ನನ್ನ ಮೊದಲ ಬಸಿರಿನಲ್ಲಿ ನಾನು ಸಹಿಸಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ಆಗಿದ್ದು ಏನೆಂದರೆ, ಊಟ ಅರ್ಧವಾಗಿತ್ತು, ಎರಡು ಸಲ ತಪಾಸಣೆಗೆ ಹೋಗುವುದನ್ನೇ ತಪ್ಪಿಸಿದ್ದೆ.

ಹಾಗಾಗಿ ಸಹಿಸುವುದಾದರೆ ಗಡುವು ಇಟ್ಟುಕೊಂಡು ಸಹಿಸಿ. ಎರಡು ವಾರದ ಆಚೆಯ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಂದು ಹೇಗಿದ್ದೇನೆ ಎಂದು ಕೇಳಿಕೊಳ್ಳಿ. ಗಡುವಿಲ್ಲದ ಸಹನೆಯನ್ನು ನಾನು ಯಾರಿಗೂ ಹೇಳಲಾರೆ.

ನಿದ್ದೆ ಸರಿಮಾಡಿಕೊಳ್ಳುವುದು

ಬೇಗ ಗುಣ ಕಾಣಬೇಕು, ಖರ್ಚಿರಬಾರದು ಎನ್ನುವವರಿಗೆ ನಾನು ಮೊದಲು ಹೇಳುವುದು ನಿದ್ದೆಯನ್ನು. ಎರಡು ರಾತ್ರಿ ನೆಟ್ಟಗೆ ನಿದ್ದೆಯಾದರೆ ಮೂರನೆಯ ದಿನದ ಸಿಟ್ಟು ಅರ್ಧಕ್ಕಿಳಿಯುವುದನ್ನು ನಾನೇ ಕಂಡಿದ್ದೇನೆ. ಮಲಗುವ, ಏಳುವ ಹೊತ್ತು ಒಂದೇ ಇರಲಿ. ಹಗಲಿನ ನಿದ್ದೆ ಅರ್ಧ ಗಂಟೆಗೆ ಮುಗಿಯಲಿ. 28 ವಾರ ಕಳೆದ ಮೇಲೆ ಅಂಗಾತ ಮಲಗುವ ಬದಲು ಪಕ್ಕಕ್ಕೆ ತಿರುಗಿ ಮಲಗಬೇಕು ಎನ್ನುತ್ತಾರೆ ವೈದ್ಯರು. ಮೊಣಕಾಲುಗಳ ನಡುವೆ, ಹೊಟ್ಟೆಯ ಕೆಳಗೆ ಒಂದೊಂದು ದಿಂಬಿಟ್ಟರೆ ಆರಾಮ. ಎಚ್ಚರವಾದಾಗ ಅಂಗಾತವಾಗಿದ್ದರೆ ಗಾಬರಿಬೀಳಬೇಡಿ, ಮತ್ತೆ ಪಕ್ಕಕ್ಕೆ ಹೊರಳಿ ಸಾಕು.

ಕಾಫಿ, ಚಹಾ ಪ್ರಿಯರಿಗೆ ಒಂದು ವಿಷಯ. ದಿನಕ್ಕೆ ಒಟ್ಟು 200 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂಬುದು ಸಾಮಾನ್ಯ ಸಲಹೆ. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು, ಕೊನೆಯ ತಿಂಗಳುಗಳಲ್ಲಿ ಕೆಫೀನ್ ದೇಹದಿಂದ ಹೊರಹೋಗಲು ಮಾಮೂಲಿಗಿಂತ ಸುಮಾರು ಮೂರು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು. ಸಂಜೆ ನಾಲ್ಕಕ್ಕೆ ಕುಡಿದದ್ದು ನಡುರಾತ್ರಿಯೂ ನಿಮ್ಮೊಳಗೆ ಎಚ್ಚರವಾಗಿರುತ್ತದೆ. ಮಲಗಿದಾಗ ಕಾಲುಗಳನ್ನು ಅಲ್ಲಾಡಿಸದೆ ಇರಲಾಗದ ಚಡಪಡಿಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಕಬ್ಬಿಣದ ಕೊರತೆಗೂ ಅದಕ್ಕೂ ನಂಟಿದೆ.

ಇದರ ಮಿತಿ: ಚಿಂತೆಯಿಂದಲೇ ನಿದ್ದೆ ಬಾರದವರಿಗೆ ದಿಂಬು, ಹೊತ್ತು, ಕಾಫಿ ಯಾವುದೂ ಸಾಲುವುದಿಲ್ಲ. ನಿದ್ದೆಗಾಗಿಯೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಅವರಿಗೆ ಉಪಯೋಗ. ಇನ್ನೊಂದು, ನಿದ್ದೆ ಇಲ್ಲದಿದ್ದರೂ ಸುಸ್ತೇ ಆಗದೆ, ಮೈತುಂಬ ಹುರುಪು, ತಲೆತುಂಬ ಓಡುವ ಯೋಚನೆಗಳಿದ್ದರೆ ಅದನ್ನು ಒಳ್ಳೆಯ ಸೂಚನೆ ಎಂದುಕೊಳ್ಳಬೇಡಿ. ಅದು ಖಿನ್ನತೆ ಮತ್ತು ಉನ್ಮಾದ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯ ಲಕ್ಷಣವಾಗಿರಬಹುದು, ಮನೋವೈದ್ಯರು ನೋಡಬೇಕು.

ನಡಿಗೆ, ವ್ಯಾಯಾಮ, ಯೋಗ

ತೊಡಕಿಲ್ಲದ ಬಸಿರಿನಲ್ಲಿ ವಾರಕ್ಕೆ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಐದು ದಿನ, ದಿನಕ್ಕೆ ಅರ್ಧ ಗಂಟೆ ನಡಿಗೆ ಅಂದುಕೊಳ್ಳಿ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು; ಅದೇ ಮಧ್ಯಮ ವೇಗ. ಮನಸ್ಸು ಹಗುರವಾಗುವುದು, ನಿದ್ದೆ ಸುಧಾರಿಸುವುದು ಕೆಲವರಿಗೆ ಮೊದಲ ವಾರದಲ್ಲೇ ಕಾಣುತ್ತದೆ.

ನಡಿಗೆಯೋ ಯೋಗ ತರಗತಿಯೋ ಎಂದು ಕೇಳಿದರೆ, ಮನಸ್ಸಿನ ಲಾಭದಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಡಿ. ನಡಿಗೆಗೆ ಶುಲ್ಕವಿಲ್ಲ, ಹತ್ತು ನಿಮಿಷಕ್ಕೆ ಸಾಕು ಎನ್ನಿಸಿದರೆ ಹಿಂದಿರುಗಬಹುದು, ಕೆಟ್ಟ ದಿನಕ್ಕೂ ಹೊಂದುತ್ತದೆ. ತರಗತಿಗೆ ದುಡ್ಡು ಬೇಕು, ಹೊತ್ತಿಗೆ ಸರಿಯಾಗಿ ಹೋಗಬೇಕು. ಆದರೆ ಅಲ್ಲಿ ನಿಮ್ಮಂಥವರೇ ಇನ್ನೂ ನಾಲ್ವರು ಸಿಗುತ್ತಾರೆ, ಉಸಿರಾಟದ ಅಭ್ಯಾಸ ಹೆರಿಗೆಯ ನೋವಿನಲ್ಲೂ ಕೈಹಿಡಿಯುತ್ತದೆ. ದಿನವಿಡೀ ಒಬ್ಬರೇ ಇರುವವರಿಗೆ ತರಗತಿ ಒಳ್ಳೆಯದು, ದಿನವಿಡೀ ಜನರ ನಡುವೆ ಬೇಯುವವರಿಗೆ ಒಂಟಿ ನಡಿಗೆ ಒಳ್ಳೆಯದು. ಯೋಗ ಆರಿಸಿದರೆ ಗರ್ಭಿಣಿಯರಿಗೇ ಕಲಿಸಿ ಅಭ್ಯಾಸವಿರುವವರನ್ನು ಹುಡುಕಿ. ಬಿಸಿ ಕೋಣೆಯ ಯೋಗ ಬೇಡವೇ ಬೇಡ, ಹೊಟ್ಟೆ ಬೆಳೆದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಮಾಡುವ ಆಸನಗಳೂ ಬೇಡ.

ರಕ್ತಸ್ರಾವ, ಕೆಳಗೆ ಕೂತ ಮಾಸು, ಗರ್ಭಕೊರಳಿನ ದೌರ್ಬಲ್ಯ, ಏರಿದ ರಕ್ತದೊತ್ತಡ ಇರುವವರು ವೈದ್ಯರು ಒಪ್ಪದೆ ಏನೂ ಶುರುಮಾಡಬಾರದು. ವಿಶ್ರಾಂತಿ ಹೇಳಿರುವ ನಿಮಗೆ ಈ ದಾರಿ ಮುಚ್ಚಿದರೆ ಬೇಸರ ಬೇಡ, ಮುಂದಿನದು ನಿಮಗೂ ತೆರೆದಿದೆ.

ಮನೆಯವರ ಜೊತೆ ಮಾತು

ಇದು ಪುಕ್ಕಟೆ ಎಂದು ಎಲ್ಲರೂ ಹೇಳುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಹೌದು. ಧೈರ್ಯದ ಲೆಕ್ಕದಲ್ಲಿ ಇಷ್ಟು ದುಬಾರಿ ದಾರಿ ಇನ್ನೊಂದಿಲ್ಲ. "ಎಲ್ಲರೂ ಹೆತ್ತಿಲ್ವಾ?" ಎಂಬ ಒಂದು ಮಾತು ಬಂದರೆ ಮತ್ತೆ ಬಾಯಿ ತೆರೆಯಲು ತಿಂಗಳು ಬೇಕು.

ಹಾಗಾಗಿ ಯಾರಿಗೆ, ಏನನ್ನು, ಯಾವಾಗ ಎಂಬುದನ್ನು ಮುಂಚೆಯೇ ಯೋಚಿಸಿ. ಮನೆಮಂದಿಗೆಲ್ಲ ಹೇಳಬೇಕಿಲ್ಲ. ತೀರ್ಪು ಕೊಡದ ಒಬ್ಬರು ಸಾಕು, ಅದು ಗಂಡನೇ ಆಗಿರಬೇಕೆಂದೂ ಇಲ್ಲ, ಅಕ್ಕನೋ ಗೆಳತಿಯೋ ಆಗಬಹುದು. ಜಗಳದ ನಡುವೆ ಹೇಳಬೇಡಿ, ಸಮಾಧಾನವಾಗಿರುವ ಹೊತ್ತು ನೋಡಿ. "ನನಗೆ ಬೇಜಾರಾಗ್ತಿದೆ" ಎಂದರೆ ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಅಳ್ತಾ ಇದ್ರೆ ಕಾರಣ ಕೇಳಬೇಡ, ಪಕ್ಕದಲ್ಲಿ ಕೂತ್ಕೋ ಸಾಕು" ಎಂದರೆ ತಿಳಿಯುತ್ತದೆ. "ಬುಧವಾರದ ತಪಾಸಣೆಗೆ ನನ್ನ ಜೊತೆ ಬಾ" ಎಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನನ್ನ ಎರಡನೆಯ ಬಸಿರಿನಲ್ಲಿ ಕೆಲಸ ಮಾಡಿದ್ದು ಇಂಥ ಸಣ್ಣ, ಖಚಿತ ಬೇಡಿಕೆಗಳೇ.

ಗಂಡಂದಿರಿಗೂ ಒಂದು ಮಾತು. ಹೆಂಡತಿಯ ಬಸಿರು, ಬಾಣಂತನದ ಅವಧಿಯಲ್ಲಿ ಅಪ್ಪಂದಿರಲ್ಲೂ ನೂರಕ್ಕೆ ಸುಮಾರು 10 ಜನ ಖಿನ್ನತೆಗೆ ಒಳಗಾಗುತ್ತಾರೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿತ್ತು. ನೀವೇ ಕುಸಿಯುತ್ತಿದ್ದರೆ ಆಧಾರವಾಗಲು ಹೊರಡುವ ಮುನ್ನ ನಿಮ್ಮದನ್ನೂ ಹೇಳಿಕೊಳ್ಳಿ.

ಮನೆಯಲ್ಲೇ ಹೊಡೆತ, ಬೆದರಿಕೆ, ಹೀಯಾಳಿಕೆ ಇದ್ದರೆ ಈ ದಾರಿ ನಿಮಗಲ್ಲ. ತಪಾಸಣೆಯ ಹೊತ್ತಿನಲ್ಲಿ ವೈದ್ಯರನ್ನೋ ನರ್ಸನ್ನೋ ಒಬ್ಬರೇ ಕಂಡು ಹೇಳಿ. ಅಲ್ಲಿ ಸರಿಯಾಗಬೇಕಾದ್ದು ನಿಮ್ಮ ಮನಸ್ಸಲ್ಲ.

ಬರವಣಿಗೆ, ಉಸಿರು, ಆ್ಯಪ್

ಡೈರಿ ಬರೆಯುವುದು, ಧ್ಯಾನ, ಮೊಬೈಲಿನ ಆ್ಯಪ್ ಇವೆಲ್ಲ ಒಳ್ಳೆಯ ಊರುಗೋಲುಗಳು. ಒಂಟಿಯಾಗಿ ಇವುಗಳ ಮೇಲೆಯೇ ಭಾರ ಹಾಕಬೇಡಿ. ಕೆಲವರಿಗೆ ಕಣ್ಣುಮುಚ್ಚಿ ಕೂತರೆ ಭಯವೇ ಹೆಚ್ಚುತ್ತದೆ. ಹಾಗಾದರೆ ಬಿಟ್ಟುಬಿಡಿ, ಅದರಲ್ಲಿ ಸೋಲೇನಿಲ್ಲ. ಒಂದನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ: ದಿನಕ್ಕೊಂದು ಸಾಲು ಬರೆದಿಡಿ. ಎಷ್ಟು ಗಂಟೆ ನಿದ್ದೆ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ, ಏನಾಯಿತು. ಎರಡು ವಾರದ ಹದಿನಾಲ್ಕು ಸಾಲು ವೈದ್ಯರ ಮುಂದೆ ನಿಮಗಿಂತ ಚೆನ್ನಾಗಿ ಮಾತಾಡುತ್ತವೆ.

ಆಪ್ತಸಮಾಲೋಚನೆ

ಏರಿಳಿತ ದಿನದ ಕೆಲಸಕ್ಕೇ ಅಡ್ಡಬರುತ್ತಿದ್ದರೆ, ಹಿಂದೊಮ್ಮೆ ಖಿನ್ನತೆ ಆಗಿದ್ದರೆ, ಹಿಂದಿನ ಬಸಿರು ಉಳಿಯದೆ ಹೋಗಿದ್ದರೆ ನಾನು ನೇರವಾಗಿ ಇಲ್ಲಿಗೇ ಕಳಿಸುತ್ತೇನೆ. ಕೂಸಿಗೆ ಇದರಿಂದ ಯಾವ ಔಷಧಿಯೂ ತಲುಪುವುದಿಲ್ಲ ಎಂಬುದು ದೊಡ್ಡ ಅನುಕೂಲ.

ಎರಡು ಬಗೆಯ ಚಿಕಿತ್ಸೆಗಳ ಹೆಸರು ಮತ್ತೆ ಮತ್ತೆ ಕೇಳುತ್ತೀರಿ. ಸಿಬಿಟಿಯಲ್ಲಿ ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ಬಿಡಿಸಿ ನೋಡುತ್ತಾರೆ. "ನಾನು ಒಳ್ಳೆ ತಾಯಿ ಆಗಲ್ಲ" ಎಂಬ ಯೋಚನೆ ಬಂತು ಎನ್ನಿ, ಅದಕ್ಕೆ ಆಧಾರವೇನು, ಅದು ಬಂದಾಗ ನೀವೇನು ಮಾಡುತ್ತೀರಿ, ಬೇರೆ ಏನು ಮಾಡಬಹುದು ಎಂಬುದರ ಅಭ್ಯಾಸ. ಐಪಿಟಿ ಎನ್ನುವುದು ಸಂಬಂಧಗಳ ಸುತ್ತ ನಡೆಯುವ ಚಿಕಿತ್ಸೆ. ಗಂಡಹೆಂಡಿರ ಮನಸ್ತಾಪ, ತೀರಿಕೊಂಡವರ ದುಃಖ, ಮಗಳಾಗಿದ್ದವಳು ತಾಯಾಗುವಾಗಿನ ಗೊಂದಲ ಇವೇ ಅದರ ವಸ್ತು. ಒಂದೇ ಯೋಚನೆ ತಲೆಯಲ್ಲಿ ಗಾಣದಂತೆ ತಿರುಗುವವರಿಗೆ ಸಿಬಿಟಿ, ನೋವಿನ ಬೇರು ಯಾವುದೋ ಸಂಬಂಧದಲ್ಲಿ ಇರುವವರಿಗೆ ಐಪಿಟಿ ಎಂದು ಸ್ಥೂಲವಾಗಿ ನೆನಪಿಡಬಹುದು. ಖಿನ್ನತೆಯ ಅಪಾಯ ಹೆಚ್ಚಿರುವ ಬಸುರಿಯರಿಗೆ, ಅದು ಬರುವ ಮುಂಚೆಯೇ ತಡೆಯಲು, ಈ ಎರಡನ್ನು ಅಮೆರಿಕದ ರೋಗತಡೆ ಕಾರ್ಯಪಡೆ 2019ರಲ್ಲಿ ಶಿಫಾರಸು ಮಾಡಿತು.

ಕೊರತೆಗಳೂ ಇವೆ. ಒಂದು ಭೇಟಿಯಲ್ಲಿ ಮುಗಿಯುವುದಿಲ್ಲ, ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 16 ಭೇಟಿ. ಗುಣ ಕಾಣಲು ಕೆಲವು ವಾರ ಬೇಕು. ಏಳನೆಯ ತಿಂಗಳಲ್ಲಿ ಶುರುಮಾಡಿದರೆ ಮುಗಿಯುವ ಮುಂಚೆಯೇ ಹೆರಿಗೆಯಾದೀತು. ಆಗ ಬಾಣಂತನದಲ್ಲೂ ಮುಂದುವರಿಸಬಹುದೇ, ವಿಡಿಯೋ ಕರೆಯಲ್ಲಿ ಆದೀತೇ ಎಂದು ಮೊದಲೇ ಕೇಳಿ. ಮೊದಲ ಸಲ ಸಿಕ್ಕವರ ಜೊತೆ ಮನಸ್ಸು ಕೂಡದೆಯೂ ಹೋಗಬಹುದು. ನಾನು ಮೊದಲು ಕಂಡವರು ಇಡೀ ಹೊತ್ತು ಗಡಿಯಾರ ನೋಡುತ್ತಿದ್ದರು, ಇನ್ನು ಇದು ನನಗಲ್ಲ ಎಂದು ಬಿಟ್ಟೇಬಿಡುವವಳಿದ್ದೆ. ಎರಡನೆಯವರು ಸಿಕ್ಕದಿದ್ದರೆ ತಪ್ಪು ತೀರ್ಮಾನಕ್ಕೆ ಬಂದಿರುತ್ತಿದ್ದೆ. ಎರಡು ಮೂರು ಭೇಟಿ ನೋಡಿ, ಹೊಂದದಿದ್ದರೆ ಬದಲಿಸಿ.

ಇಷ್ಟೆಲ್ಲ ದುಡ್ಡು ಎಲ್ಲಿಂದ ತರಲಿ ಎನ್ನುವವರಿಗೆ ಒಂದು ಅಧ್ಯಯನದ ಕಥೆ ಹೇಳಬೇಕು. ಪಾಕಿಸ್ತಾನದ ಹಳ್ಳಿಗಳಲ್ಲಿ ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಸಂಗಡಿಗರು, ಮಾನಸಿಕ ಆರೋಗ್ಯದ ಯಾವ ಪದವಿಯೂ ಇಲ್ಲದ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೆ ಸಿಬಿಟಿಯ ಸರಳ ರೂಪವನ್ನು ಕಲಿಸಿದರು. ಅವರು ಖಿನ್ನತೆಯಿದ್ದ ಬಸುರಿಯರ ಮನೆಗೇ ಹೋಗಿ ಒಟ್ಟು 16 ಭೇಟಿಗಳಲ್ಲಿ ಅದನ್ನು ನಡೆಸಿದರು. 2008ರಲ್ಲಿ ಫಲಿತಾಂಶ ಬಂತು: ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಆ ತಾಯಂದಿರಲ್ಲಿ ನೂರಕ್ಕೆ 23 ಜನರಲ್ಲಿ ಖಿನ್ನತೆ ಉಳಿದಿತ್ತು, ಮಾಮೂಲಿ ಮನೆಭೇಟಿಯಷ್ಟೇ ಸಿಕ್ಕವರಲ್ಲಿ ನೂರಕ್ಕೆ 53 ಜನರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಪಿಡಿಯಾಗಿ ಹೊರತಂದಿದೆ. ದೊಡ್ಡ ಹೆಸರಿನ, ದೊಡ್ಡ ಶುಲ್ಕದ ತಜ್ಞರು ಸಿಗದಿದ್ದರೆ ಸಮಾಲೋಚನೆಯೇ ಇಲ್ಲ ಎಂದುಕೊಳ್ಳಬೇಡಿ. ತರಬೇತಿ ಪಡೆದ ನರ್ಸ್, ಆರೋಗ್ಯ ಕಾರ್ಯಕರ್ತೆ, ಸರ್ಕಾರಿ ಆಸ್ಪತ್ರೆಯ ಸಮಾಲೋಚಕಿ ಯಾರೇ ಇರಲಿ, ವಾರವಾರವೂ ಕೂತು ಕ್ರಮವಾಗಿ ಮಾಡಿದರೆ ಗುಣವಿದೆ.

ಮಾತ್ರೆಗಳು

ಇಲ್ಲಿ ಹೆದರಿಕೆ ಜಾಸ್ತಿ, ಮಾಹಿತಿ ಕಮ್ಮಿ. ಬರೀ ಏರಿಳಿತಕ್ಕೆ ಮಾತ್ರೆ ಬೇಕಿಲ್ಲ. ಮಧ್ಯಮದಿಂದ ತೀವ್ರ ಖಿನ್ನತೆ ಅಥವಾ ಆತಂಕ ಇದ್ದಾಗ, ಸಮಾಲೋಚನೆ ಸಾಲದಾದಾಗ, ಹಿಂದೆ ಮಾತ್ರೆಯಿಂದಲೇ ಚೇತರಿಸಿಕೊಂಡಿದ್ದಾಗ ವೈದ್ಯರು ಇದನ್ನು ಮುಂದಿಡುತ್ತಾರೆ. ಹೆಚ್ಚಾಗಿ ಎಸ್‌ಎಸ್‌ಆರ್‌ಐ ಗುಂಪಿನವು, ಅಂದರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಖಿನ್ನತೆಯ ಮಾತ್ರೆಗಳು. ಬಸಿರಿನಲ್ಲಿ ಹೊಸದಾಗಿ ಶುರುಮಾಡುವವರಿಗೆ ಬಹಳ ವೈದ್ಯರು ಮೊದಲು ಯೋಚಿಸುವುದು ಸರ್ಟ್ರಲೀನ್. ಎದೆಹಾಲಿಗೂ ಅದು ಹೋಗುವುದು ತೀರ ಕಡಿಮೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು.

ಅಪಾಯ ಏನು, ಎಷ್ಟು? ಪರಾಕ್ಸಿಟೀನ್ ಎಂಬ ಮಾತ್ರೆಯನ್ನು ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡರೆ ಕೂಸಿನ ಹೃದಯದ ದೋಷ ತುಸು ಹೆಚ್ಚಬಹುದೆಂದು 2005ರಲ್ಲೇ ಎಚ್ಚರಿಕೆ ಬಂದಿದೆ, ಹಾಗಾಗಿ ಹೊಸದಾಗಿ ಅದನ್ನು ಆರಿಸುವುದು ಕಡಿಮೆ. ಕೊನೆಯ ತಿಂಗಳುಗಳಲ್ಲಿ ಎಸ್‌ಎಸ್‌ಆರ್‌ಐ ತೆಗೆದುಕೊಂಡವರ ಕೂಸುಗಳಲ್ಲಿ ಶ್ವಾಸಕೋಶದ ರಕ್ತದೊತ್ತಡದ ಅಪರೂಪದ ತೊಂದರೆಯೊಂದು ಸಾವಿರಕ್ಕೆ ಸುಮಾರು 2 ಇದ್ದದ್ದು ಸುಮಾರು 3ಕ್ಕೆ ಏರಿದ್ದು ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಕೆಲವು ಕೂಸುಗಳು ಹುಟ್ಟಿದ ಮೊದಲ ದಿನಗಳಲ್ಲಿ ನಡುಗುವುದು, ರಚ್ಚೆ ಹಿಡಿಯುವುದು ಉಂಟು. ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳದಿರುವುದರ ಅಪಾಯವನ್ನೂ ಇಡಬೇಕು. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಬಸಿರಿನ ಹೊತ್ತಿಗೆ ಚೆನ್ನಾಗಿದ್ದ ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 26 ಜನರಿಗೆ ಬಸಿರಿನಲ್ಲೇ ಖಿನ್ನತೆ ಮರುಕಳಿಸಿತು. ನಿಲ್ಲಿಸಿದವರಲ್ಲಿ ನೂರಕ್ಕೆ 68 ಜನರಿಗೆ. ಬಸಿರು ಗೊತ್ತಾದ ದಿನವೇ ಹೆದರಿ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುವುದು ಇದಕ್ಕೇ. ಒಂದು ವಿನಾಯಿತಿ ಗಮನಿಸಿ: ವಾಲ್‌ಪ್ರೊಯೇಟ್ ಎಂಬ, ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ಔಷಧಿ ಕೂಸಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡಬಲ್ಲದು. ಅದನ್ನು ತೆಗೆದುಕೊಳ್ಳುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಇವತ್ತೇ ಫೋನ್ ಮಾಡಿ. ಆದರೆ ಅದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ನಿಮಗೋ ಮನೆಯವರಿಗೋ ಬೈಪೋಲಾರ್ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು.

'ನೈಸರ್ಗಿಕ' ಎಂದು ಮಾರುವ ಪುಡಿ, ಕಷಾಯ, ಮಾತ್ರೆಗಳನ್ನು ನಾನು ಈ ಹೋಲಿಕೆಗೇ ಸೇರಿಸುವುದಿಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಬೇರೆ ಔಷಧಿಗಳ ಕೆಲಸವನ್ನೇ ಕೆಡಿಸುತ್ತದೆ, ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಅಪಾಯ. ಬಸಿರಿನಲ್ಲಿ ಎಷ್ಟು ಸುರಕ್ಷಿತ ಎಂದು ಹಲವು ಅಧ್ಯಯನಗಳು ನೋಡಿರುವ ವೈದ್ಯರ ಮಾತ್ರೆಗೆ ಹೆದರಿ, ಪರೀಕ್ಷೆಯೇ ಆಗದ್ದನ್ನು ಧೈರ್ಯವಾಗಿ ನುಂಗುವುದು ಯಾವ ನ್ಯಾಯ?

ಹಾಗಾದರೆ ನೀವು?

ಮೊದಲ ಮೂರು ತಿಂಗಳು, ವಾಕರಿಕೆ, ಅಳು ಬಂದು ಹೋಗುತ್ತದೆ, ನಡುನಡುವೆ ನಗುವೂ ಇದೆ ಎನ್ನುವವರು ರಕ್ತಪರೀಕ್ಷೆ, ನಿದ್ದೆ, ಹತ್ತು ನಿಮಿಷದ ನಡಿಗೆ ಇಟ್ಟುಕೊಂಡು ಎರಡು ವಾರ ನೋಡಿ. ಇದಕ್ಕೆ ಕೈಯಿಂದ ಹೆಚ್ಚು ಬಿಡಬೇಕಿಲ್ಲ.

ಕೆಲಸಕ್ಕೆ ಹೋಗುತ್ತೀರಿ, ಹೊತ್ತೇ ಇಲ್ಲ, ದುಡ್ಡು ಹೇಗೋ ಹೊಂದೀತು ಎಂದಾದರೆ ತರಗತಿ, ಆ್ಯಪ್ ಎಂದು ನಾಲ್ಕು ಕಡೆ ಚೆಲ್ಲುವ ಬದಲು ವಿಡಿಯೋ ಕರೆಯ ಸಮಾಲೋಚನೆ ಒಂದಕ್ಕೇ ಹಾಕಿ. ಹೊತ್ತಿದೆ, ದುಡ್ಡಿಲ್ಲ ಎಂದಾದರೆ ನಡಿಗೆ, ನಂಬಿಕೆಯ ಒಬ್ಬರು, ಸರ್ಕಾರಿ ಆಸ್ಪತ್ರೆಯ ಸಮಾಲೋಚನೆ. ಹೊತ್ತೂ ಇಲ್ಲ, ದುಡ್ಡೂ ಇಲ್ಲ, ಮನೆಯಲ್ಲಿ ಇನ್ನೊಂದು ಪುಟ್ಟ ಮಗುವೂ ಇದೆ ಎನ್ನುವವರೇ ಹೆಚ್ಚು ಎಂದು ನನಗೆ ಗೊತ್ತು. ನಿಮಗೆ ನಾನು ಒಂದನ್ನೇ ಹೇಳುತ್ತೇನೆ. ವಾರಕ್ಕೆ ಎರಡು ರಾತ್ರಿ ಆ ಮಗುವನ್ನು ಬೇರೆ ಯಾರಾದರೂ ನೋಡಿಕೊಳ್ಳುವಂತೆ ಕೇಳಿ, ಆ ಹೊತ್ತಿನಲ್ಲಿ ಮಲಗಿ. ಪಾತ್ರೆ ಸಿಂಕಿನಲ್ಲೇ ಇರಲಿ.

ಎರಡು ವಾರ ದಾಟಿದೆ, ಆ ಹತ್ತು ಪ್ರಶ್ನೆಗಳ ಅಂಕ 13 ಮುಟ್ಟಿದೆ ಎನ್ನುವವರು ನಡಿಗೆಯನ್ನೋ ಧ್ಯಾನವನ್ನೋ ಪ್ರಯತ್ನಿಸಿ ನೋಡಿ ಆಮೇಲೆ ವೈದ್ಯರು ಎಂದು ಕಾಯಬೇಡಿ. ಮೊದಲು ಭೇಟಿಯ ದಿನ ಗೊತ್ತುಮಾಡಿ, ಉಳಿದದ್ದು ಅದರ ಜೊತೆಗೆ ನಡೆಯಲಿ. ಸಮಾಲೋಚನೆಯೇ, ಮಾತ್ರೆಯೇ, ಎರಡೂ ಸೇರಿಯೇ ಎಂಬುದನ್ನು ಅವರ ಜೊತೆ ಕೂತು ನಿರ್ಧರಿಸಿ.

ಸಾಯುವ ಯೋಚನೆ, ಕೂಸಿಗೆ ಏನಾದರೂ ಮಾಡಿಬಿಟ್ಟೇನು ಎಂಬ ಭಯ, ಯಾರಿಗೂ ಕೇಳದ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದ ಹುರುಪು ಇವುಗಳಲ್ಲಿ ಯಾವುದೇ ಇದ್ದರೂ ಆರಿಸುವ ಪ್ರಶ್ನೆಯಿಲ್ಲ. ಈಗಲೇ ಆಸ್ಪತ್ರೆಗೆ, ಒಬ್ಬರೇ ಬೇಡ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಬಹಳ ಜನ ಸೋಲುವುದು ಬಾಗಿಲ ಬಳಿಯೇ. ತಪಾಸಣೆಯಲ್ಲಿ ಹೊಟ್ಟೆ ಅಳೆದು, ಬಡಿತ ಕೇಳಿಸಿ, "ಎಲ್ಲ ಸರಿ ಇದೆ" ಎಂದ ಕೂಡಲೇ ನಾವು ಎದ್ದುಬಿಡುತ್ತೇವೆ. ಗೆಳತಿಗೆ ನಾನು ಒಂದು ವಾಕ್ಯ ಬರೆದು ಕಳಿಸಿದ್ದೇನೆ, ಅವಳು ಅದನ್ನು ತಪಾಸಣೆಯ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದಾಳೆ. ಬೇಕಿದ್ದರೆ ನೀವೂ ಅಂಟಿಸಿಕೊಳ್ಳಿ, ಬಾಯಿ ಬಾರದಿದ್ದರೆ ಪುಸ್ತಕವನ್ನೇ ಮುಂದೆ ಹಿಡಿಯಿರಿ: "ಡಾಕ್ಟ್ರೇ, ಎರಡು ವಾರದಿಂದ ನನ್ನ ಮನಸ್ಸು ಸರಿಯಿಲ್ಲ. ಇದರ ಬಗ್ಗೆ ಐದು ನಿಮಿಷ ಮಾತಾಡಬೇಕು."